ಅಯಸ್ಕಾಂತಕ್ಕೆ ಅಂಟುವ ಚಮಚ ಕಳಪೆಯೇ? ಮನೆಯ ಚಮಚಗಳನ್ನು ಗುರುತಿಸುವ, ಆರಿಸುವ, ಬದಲಿಸುವ ಬಗೆ

ಹಬ್ಬಕ್ಕೆ ಅಡುಗೆಮನೆ ಸ್ವಚ್ಛ ಮಾಡುವಾಗ ನಮ್ಮ ಮನೆಯಲ್ಲಿ ಅಮ್ಮ ಹತ್ತು ಹನ್ನೆರಡು ಚಮಚಗಳನ್ನು ಕವರಿಗೆ ಹಾಕಿ, ಗುಜರಿಯವರಿಗೆ ಕೊಡಲೆಂದು ಬಾಗಿಲ ಪಕ್ಕ ಇಟ್ಟಿದ್ದರು. ತೆಗೆದು ನೋಡಿದರೆ ಅವು ಅವರ ಮದುವೆಗೆ ಉಡುಗೊರೆಯಾಗಿ ಬಂದ ಚಮಚಗಳು. ಹಿಡಿಯ ಹಿಂಬದಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಹೆಸರು ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು. ಏಕೆ ಎಸೆಯುತ್ತೀರಿ ಎಂದು ಕೇಳಿದ್ದಕ್ಕೆ, ಮೊಬೈಲಿಗೆ ಬಂದ ಒಂದು ವಿಡಿಯೊ ತೋರಿಸಿದರು. "ಅಯಸ್ಕಾಂತಕ್ಕೆ ಅಂಟಿದರೆ ಅದು ನಕಲಿ ಸ್ಟೀಲ್, ಅದರಲ್ಲಿ ತಿಂದರೆ ವಿಷ" ಎಂಬುದು ಅದರ ಸಾರಾಂಶ. ಅಮ್ಮ ಫ್ರಿಜ್ ಬಾಗಿಲಿನ ಅಯಸ್ಕಾಂತ ತೆಗೆದು ಒಂದೊಂದೇ ಚಮಚಕ್ಕೆ ಹಿಡಿದು ನೋಡಿದ್ದರು. ಮೂವತ್ತು ವರ್ಷ ಉಪ್ಪು, ಹುಳಿ, ಖಾರ ಎಲ್ಲವನ್ನೂ ತಾಳಿಕೊಂಡು ಒಂದು ಕಲೆಯೂ ಇಲ್ಲದೆ ಹೊಳೆಯುತ್ತಿದ್ದ ಚಮಚಗಳು ಆ ಪರೀಕ್ಷೆಯಲ್ಲಿ ಫೇಲಾಗಿದ್ದವು. ಹೋದ ವರ್ಷ ಸಂತೆಯಲ್ಲಿ ಕೊಂಡ, ಆರು ತಿಂಗಳಿಗೇ ಕಂದು ಚುಕ್ಕಿ ಬಿದ್ದ ತೆಳ್ಳನೆಯ ಚಮಚಗಳು ಪಾಸಾಗಿದ್ದವು!

ಪರೀಕ್ಷೆಯ ಫಲಿತಾಂಶ ಕಣ್ಣೆದುರಿನ ಸಾಕ್ಷ್ಯಕ್ಕೆ ಹೀಗೆ ತಿರುಗಿ ನಿಂತಾಗ ಪರೀಕ್ಷೆಯನ್ನೇ ಅನುಮಾನಿಸಬೇಕಾಗುತ್ತದೆ. ಹಾಗಾದರೆ ಮನೆಯಲ್ಲಿರುವ ಚಮಚ ಯಾವ ಲೋಹದ್ದೆಂದು ತಿಳಿಯುವುದು ಹೇಗೆ? ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬದಲಿಸಬೇಕು? ಬನ್ನಿ, ನೋಡೋಣ.

ಸ್ಟೀಲಿಗೆ ತುಕ್ಕು ಏಕೆ ಹಿಡಿಯುವುದಿಲ್ಲ?

ಸ್ಟೇನ್‌ಲೆಸ್ ಸ್ಟೀಲ್ ಎಂಬುದು ಒಂದೇ ಲೋಹವಲ್ಲ, ಅದೊಂದು ದೊಡ್ಡ ಕುಟುಂಬ. ಎಲ್ಲದರಲ್ಲೂ ಮುಖ್ಯವಾಗಿ ಇರುವುದು ಕಬ್ಬಿಣವೇ. ಅದರ ಜೊತೆ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಬೆರೆತಿದ್ದರೆ ಅದು ಸ್ಟೇನ್‌ಲೆಸ್ ಎನಿಸಿಕೊಳ್ಳುತ್ತದೆ. ಈ ಕ್ರೋಮಿಯಂ ಗಾಳಿಯಲ್ಲಿನ ಆಮ್ಲಜನಕದೊಂದಿಗೆ ಸೇರಿ ಮೇಲ್ಮೈ ಮೇಲೆ ಒಂದು ಪೊರೆ ಕಟ್ಟುತ್ತದೆ. ಅದರ ದಪ್ಪ ಕೆಲವೇ ನ್ಯಾನೊಮೀಟರ್‌ಗಳು. ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ನ್ಯಾನೊಮೀಟರ್, ಹಾಗಾಗಿ ಅದು ಕಣ್ಣಿಗೆ ಕಾಣುವ ಮಾತೇ ಇಲ್ಲ. ಒಳಗಿನ ಕಬ್ಬಿಣಕ್ಕೆ ನೀರು, ಗಾಳಿ ತಾಗದಂತೆ ತಡೆಯುವುದು ಈ ಪೊರೆಯೇ. ಗೀಚಿದರೆ ಹರಿಯುತ್ತದೆ, ಆದರೆ ಗಾಳಿ ತಾಗಿದ ಕೂಡಲೇ ತಾನಾಗಿಯೇ ಮತ್ತೆ ಕಟ್ಟಿಕೊಳ್ಳುತ್ತದೆ. ಅಮ್ಮನ ಚಮಚದ ಮೇಲೆ ಯಂತ್ರದಿಂದ ಕೆತ್ತಿದ ಹೆಸರಿನ ಅಕ್ಷರಗಳಿಗೆ ಇಷ್ಟು ವರ್ಷವಾದರೂ ತುಕ್ಕು ಹಿಡಿಯದಿರುವುದಕ್ಕೆ ಇದೇ ಕಾರಣ.

ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಇಂಥ ಉಕ್ಕನ್ನು ತಯಾರಿಸಿದಾಗ ಅವರ ಗುರಿಯಿದ್ದದ್ದು ಬಂದೂಕಿನ ನಳಿಗೆ ಬೇಗ ಸವೆಯದಂತೆ ಮಾಡುವುದು. ಅದು ಚಾಕು, ಚಮಚಗಳಿಗೆ ಒಗ್ಗುತ್ತದೆಂಬುದು ಆಮೇಲೆ ಹೊಳೆದ ವಿಚಾರ. ಶೆಫೀಲ್ಡ್ ಮೊದಲೇ ಚಾಕು ತಯಾರಕರ ಊರು, ಅಲ್ಲಿನ ಕಸುಬುದಾರರು ವಿನೆಗರ್‌ನಲ್ಲಿ ಅದ್ದಿ ನೋಡಿದರು, ಕಲೆ ಬೀಳಲಿಲ್ಲ. ಅದೇ ಸುಮಾರಿಗೆ ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿ ಕ್ರೋಮಿಯಂ ಜೊತೆ ನಿಕಲ್ ಸೇರಿಸಿದ ಉಕ್ಕು ತಯಾರಾಗಿತ್ತು. ನಮ್ಮ ಇಂದಿನ ಒಳ್ಳೆಯ ಚಮಚಗಳು ಈ ಎರಡನೆಯ ಶಾಖೆಗೆ ಸೇರಿದವು.

ಅಯಸ್ಕಾಂತ ಹೇಳುವುದೇನು, ಹೇಳದಿರುವುದೇನು?

ಅಂಗಡಿಯಲ್ಲಿ ಕೇಳಿಬರುವ ಸಂಖ್ಯೆಗಳನ್ನು ಮೊದಲು ಅರ್ಥ ಮಾಡಿಕೊಳ್ಳೋಣ. ಚಮಚದ ಹಿಂದೆ 18/8 ಎಂದಿದ್ದರೆ ಅದರಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕಲ್ ಇದೆ ಎಂದರ್ಥ. ಇದನ್ನೇ 304 ದರ್ಜೆ ಎನ್ನುತ್ತಾರೆ. 18/10 ಎಂದರೆ ನಿಕಲ್ ಸ್ವಲ್ಪ ಹೆಚ್ಚು. 18/0 ಎಂದರೆ ನಿಕಲ್ ಬಹುತೇಕ ಇಲ್ಲ. ಇದು ಸಾಮಾನ್ಯವಾಗಿ 430 ದರ್ಜೆ.

ನಿಕಲ್ ಸೇರಿದಾಗ ಉಕ್ಕಿನೊಳಗಿನ ಪರಮಾಣುಗಳ ಜೋಡಣೆಯೇ ಬದಲಾಗುತ್ತದೆ, ಆ ಜೋಡಣೆಗೆ ಅಯಸ್ಕಾಂತ ಅಂಟುವುದಿಲ್ಲ. ಆದ್ದರಿಂದ 18/8 ಚಮಚ ಅಂಟುವುದಿಲ್ಲ, 18/0 ಚಮಚ ಗಟ್ಟಿಯಾಗಿ ಅಂಟುತ್ತದೆ. ವಿಡಿಯೊದವರು ಹೇಳುವುದು ಇಷ್ಟನ್ನೇ. ಇಷ್ಟು ಸರಿಯೂ ಹೌದು. ಎಡವಟ್ಟು ಶುರುವಾಗುವುದು ಇದರ ಮುಂದೆ.

ನಿಕಲ್ ದುಬಾರಿ. ಅದನ್ನು ಉಳಿಸಲು ಉಕ್ಕಿನ ಕಾರ್ಖಾನೆಗಳು ಬೇರೊಂದು ದಾರಿ ಕಂಡುಕೊಂಡಿವೆ: ನಿಕಲ್ ಕಡಿಮೆ ಮಾಡಿ ಅದರ ಜಾಗಕ್ಕೆ ಮ್ಯಾಂಗನೀಸ್ ಮತ್ತು ಸಾರಜನಕ ಸೇರಿಸುವುದು. ಇವೇ 200 ಸರಣಿಯ ಉಕ್ಕುಗಳು. 202 ದರ್ಜೆಯಲ್ಲಿ ನಿಕಲ್ ಶೇ. 4ರಿಂದ 6, ಮ್ಯಾಂಗನೀಸ್ ಶೇ. 7.5ರಿಂದ 10. ನಮ್ಮ ದೇಶದಲ್ಲಿ ಜೆ4 ಎಂದು ಕರೆಯುವ ದರ್ಜೆಯಲ್ಲಿ ನಿಕಲ್ ಇನ್ನೂ ಕಡಿಮೆ. ಪಾತ್ರೆ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ತಟ್ಟೆ, ಲೋಟ, ಚಮಚಗಳಲ್ಲಿ ಈ ಸರಣಿಯವು ಸಾಕಷ್ಟಿವೆ. ವಿಷಯ ಏನೆಂದರೆ, ಮ್ಯಾಂಗನೀಸ್ ಮತ್ತು ಸಾರಜನಕ ಕೂಡ ನಿಕಲ್ ಮಾಡುವ ಕೆಲಸವನ್ನೇ ಮಾಡಿ ಪರಮಾಣುಗಳನ್ನು ಅದೇ ಜೋಡಣೆಗೆ ತರುತ್ತವೆ. ಆದ್ದರಿಂದ 200 ಸರಣಿಯ ಅಗ್ಗದ ಚಮಚವೂ ಅಯಸ್ಕಾಂತಕ್ಕೆ ಅಂಟುವುದಿಲ್ಲ! 304ನ್ನೂ 202ನ್ನೂ ಬೇರ್ಪಡಿಸಿ ತೋರಿಸಲೆಂದು ಅಂಗಡಿಯವರು ಅಯಸ್ಕಾಂತ ಹಿಡಿದರೆ ಅದು ಏನನ್ನೂ ತೋರಿಸಿದಂತಲ್ಲ.

ಇನ್ನೊಂದು ದಿಕ್ಕಿನಿಂದಲೂ ಈ ಪರೀಕ್ಷೆ ತಪ್ಪುತ್ತದೆ. 304 ಉಕ್ಕನ್ನು ಬಿಸಿ ಮಾಡದೆ ಬಡಿದರೆ, ಬಾಗಿಸಿದರೆ, ಒತ್ತಿದರೆ ಅದರ ಒಂದಷ್ಟು ಭಾಗ ಅಯಸ್ಕಾಂತಕ್ಕೆ ಅಂಟುವ ರೂಪಕ್ಕೆ ತಿರುಗುತ್ತದೆ. ಚಮಚ ತಯಾರಾಗುವುದೇ ಹಾಳೆಯನ್ನು ಅಚ್ಚಿನಲ್ಲಿ ಒತ್ತಿ. ಹಾಗಾಗಿ ಅಸಲಿ 304 ಚಮಚದ ಕತ್ತು, ಬಟ್ಟಲಿನ ಅಂಚು ಮೆಲ್ಲಗೆ ಅಯಸ್ಕಾಂತವನ್ನು ಎಳೆದರೆ ಅಚ್ಚರಿಯಿಲ್ಲ. ಇನ್ನು ಟೇಬಲ್ ಚಾಕುಗಳಂತೂ ಅಂಟಲೇಬೇಕು. ಅಲಗು ಹರಿತ ನಿಲ್ಲಬೇಕಾದರೆ ಗಡಸಾಗುವ ಬೇರೆ ಜಾತಿಯ ಉಕ್ಕು ಬೇಕು, ಅದು ಅಯಸ್ಕಾಂತಕ್ಕೆ ಅಂಟುವಂಥದ್ದು. ಒಂದೇ ಸೆಟ್ಟಿನಲ್ಲಿ ಚಮಚ, ಫೋರ್ಕ್ ಅಂಟದೆ ಚಾಕು ಮಾತ್ರ ಅಂಟಿದರೆ ಮೋಸ ಹೋದೆವೆಂದು ಅಂಗಡಿಗೆ ಓಡಬೇಕಾಗಿಲ್ಲ.

ಹಾಗಾದರೆ ಗಟ್ಟಿಯಾಗಿ ಅಂಟುವ ಚಮಚ? ಅಮ್ಮನ ಚಮಚಗಳು ಬಹುಶಃ 430 ಜಾತಿಯವು. ನಿಕಲ್ ಇಲ್ಲದಿದ್ದರೂ ಅವುಗಳಲ್ಲಿ ಶೇ. 16ರಿಂದ 18 ಕ್ರೋಮಿಯಂ ಇರುತ್ತದೆ. 304ರಷ್ಟು ಅಲ್ಲದಿದ್ದರೂ ತುಕ್ಕನ್ನು ಚೆನ್ನಾಗಿಯೇ ತಡೆಯುತ್ತವೆ. ವಿಷದ ಮಾತಂತೂ ಬರಿಯ ಭ್ರಮೆ. ಇಂಡಕ್ಷನ್ ಒಲೆಯ ಪಾತ್ರೆಯ ತಳ ಅಯಸ್ಕಾಂತಕ್ಕೆ ಅಂಟಲೇಬೇಕು, ಇಲ್ಲದಿದ್ದರೆ ಅದು ಕಾಯುವುದೇ ಇಲ್ಲ. ಅಯಸ್ಕಾಂತಕ್ಕೆ ಅಂಟುವ ಉಕ್ಕು ವಿಷವಾಗಿದ್ದರೆ ಇಂಡಕ್ಷನ್ ಒಲೆಯಲ್ಲಿ ಅಡುಗೆ ಮಾಡುವವರೆಲ್ಲ ದಿನವೂ ವಿಷ ಬೇಯಿಸುತ್ತಿದ್ದಾರೆ ಎಂದಾಗುತ್ತಿತ್ತು. ಅಮ್ಮ ಒಪ್ಪಿದ್ದು ಈ ಮಾತಿಗೇ. ಪರಮಾಣು ಜೋಡಣೆಯ ನಮ್ಮ ವಿವರಣೆಗೆ ಅವರು ಅಷ್ಟೇನೂ ಕಿವಿಗೊಟ್ಟಿರಲಿಲ್ಲ.

ಮತ್ತೆ ಗುರುತಿಸುವುದು ಹೇಗೆ?

ಮನೆಯಲ್ಲಿ ಕೂತು ಖಚಿತವಾಗಿ ಹೇಳುವ ದಾರಿ ಇಲ್ಲ. ಮೊದಲು ಹಿಡಿಯ ಹಿಂಬದಿ ನೋಡಿ. ತಯಾರಕರ ಹೆಸರು, 18/8, 18/10, 304 ಎಂಬಂಥ ಮುದ್ರೆ ಇದ್ದರೆ ಒಂದು ಹಿಡಿತ ಸಿಕ್ಕಿತು. ಬರಿ 'ಸ್ಟೇನ್‌ಲೆಸ್ ಸ್ಟೀಲ್' ಎಂದಷ್ಟೇ ಇದ್ದರೆ ದರ್ಜೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಕೊಳ್ಳುವಾಗ ಬಿಲ್ಲಿನ ಮೇಲೆ ದರ್ಜೆ ಬರೆಸಿಕೊಳ್ಳಿ. ಬಾಯಲ್ಲಿ 304 ಎನ್ನುವವರು ಬಿಲ್ಲಿನಲ್ಲಿ ಬರೆಯಲು ಹಿಂದೇಟು ಹಾಕಿದರೆ ಆ ಹಿಂದೇಟೇ ಉತ್ತರ. ಸ್ಟೀಲ್ ಪಾತ್ರೆಗಳಿಗೆ ಭಾರತೀಯ ಮಾನಕ ಬ್ಯೂರೊದ ಐಎಸ್ 14756 ಎಂಬ ಮಾನದಂಡವಿದೆ. ಪಾತ್ರೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯಗೊಳಿಸುವ ಆದೇಶವನ್ನು ಕೇಂದ್ರ ಸರ್ಕಾರ 2024ರಲ್ಲಿ ಹೊರಡಿಸಿತು. ಹೊಸದಾಗಿ ಪಾತ್ರೆ ಕೊಳ್ಳುವವರು ಈ ಮುದ್ರೆ ಇದೆಯೇ ಎಂದು ನೋಡುವುದು ಒಳ್ಳೆಯದು.

ಕೆಲವು ಅಂಗಡಿಗಳಲ್ಲಿ ಪಾತ್ರೆಯ ಮೇಲೆ ಒಂದು ಹನಿ ದ್ರಾವಣ ಬಿಟ್ಟು, ಚಿಕ್ಕ ಬ್ಯಾಟರಿ ತಾಗಿಸಿ, ಬಣ್ಣ ಬದಲಾಗುವುದನ್ನು ತೋರಿಸುತ್ತಾರೆ. ಅದು ಮ್ಯಾಂಗನೀಸ್ ಹೆಚ್ಚಿದೆಯೇ ಎಂಬುದನ್ನು ಹೇಳುತ್ತದೆ. ಅಂದರೆ 200 ಸರಣಿಯನ್ನು ಹಿಡಿಯಲು ಅಯಸ್ಕಾಂತಕ್ಕಿಂತ ಎಷ್ಟೋ ಮೇಲು. ಪರೀಕ್ಷೆಯಾದ ಚಮಚವನ್ನು ಸೋಪು ಹಾಕಿ ಚೆನ್ನಾಗಿ ತೊಳೆಯದೆ ಬಾಯಿಗಿಡಬೇಡಿ. ಇನ್ನೂ ಖಚಿತ ಬೇಕೆಂದರೆ ಎಕ್ಸ್-ರೇ ಹಾಯಿಸಿ ಯಾವ ಲೋಹ ಎಷ್ಟಿದೆ ಎಂದು ಹೇಳುವ ಯಂತ್ರಗಳಿವೆ. ಚಿನ್ನ ಪರೀಕ್ಷಿಸುವ ಕಡೆ, ದೊಡ್ಡ ಲೋಹದ ಗುಜರಿ ವ್ಯಾಪಾರಿಗಳ ಬಳಿ ಇರುತ್ತವೆ. ಒಂದು ಡಜನ್ ಚಮಚಕ್ಕೆ ಅಷ್ಟು ದೂರ ಹೋಗುವುದು ಯಾರಿಗೂ ಬೇಕಾಗಿಲ್ಲ ಬಿಡಿ.

200 ಸರಣಿಯ ಚಮಚಗಳನ್ನು ಎಸೆಯಬೇಕೇ ಎಂದು ನೀವು ಕೇಳಬಹುದು. ಬೇಡ. ಅವು ವಿಷವಲ್ಲ, ತುಕ್ಕು ತಡೆಯುವ ಶಕ್ತಿ ಕಡಿಮೆ, ಅಷ್ಟೆ. ಅನ್ನ ಬಡಿಸಲು, ಉಪ್ಪಿಟ್ಟು ತಿನ್ನಲು ಧಾರಾಳವಾಗಿ ಸಾಕು. ಉಪ್ಪಿನಕಾಯಿ ಜಾಡಿಯೊಳಗೆ, ಉಪ್ಪಿನ ಡಬ್ಬಿಯೊಳಗೆ, ಹುಣಸೆಹಣ್ಣಿನ ರಸದಲ್ಲಿ ದಿನಗಟ್ಟಲೆ ಬಿಡಬಾರದು. ಹಾಗೆ ನೋಡಿದರೆ 304 ಚಮಚವನ್ನೂ ಉಪ್ಪಿನಕಾಯಿಯಲ್ಲಿ ಬಿಡಬಾರದು. ಜಾಡಿಗೆ ಮರದ ಅಥವಾ ಪಿಂಗಾಣಿಯ ಚಮಚವೇ ಸರಿ. ನಮ್ಮ ಅಜ್ಜಿಯಂದಿರು ಜಾಡಿಗೆ ಮರದ ಸೌಟು ಇಟ್ಟಿದ್ದರಲ್ಲಿ ಒಳ್ಳೆಯ ರಸಾಯನಶಾಸ್ತ್ರವಿತ್ತು.

ನಿಕಲ್ ಅಲರ್ಜಿ ಇರುವವರ ಮಾತು ಬೇರೆ. ಕೃತಕ ಓಲೆ, ಗಡಿಯಾರದ ಪಟ್ಟಿ, ಪ್ಯಾಂಟಿನ ಗುಂಡಿ ತಾಗಿದ ಕಡೆ ತುರಿಕೆ, ಗುಳ್ಳೆ ಏಳುವವರಲ್ಲಿ ಹಲವರಿಗೆ ಈ ಅಲರ್ಜಿ ಇರುತ್ತದೆ. 304 ಚಮಚದಿಂದ ಊಟದ ಹೊತ್ತಿನಲ್ಲಿ ಹೊರಬರುವ ನಿಕಲ್ ತೀರಾ ಅಲ್ಪ, ಬಹುತೇಕ ಮಂದಿಗೆ ತೊಂದರೆಯಾಗುವುದಿಲ್ಲ. ಆದರೆ ಅಲರ್ಜಿ ತೀವ್ರವಾಗಿರುವವರು ವೈದ್ಯರ ಸಲಹೆ ಕೇಳಿ 18/0 ಚಮಚ ಆರಿಸಿಕೊಳ್ಳಬಹುದು. ಅಂದರೆ ವಿಡಿಯೊದಲ್ಲಿ 'ವಿಷ' ಎನಿಸಿಕೊಂಡ, ಅಯಸ್ಕಾಂತಕ್ಕೆ ಅಂಟುವ ಅದೇ ಚಮಚ ಇವರಿಗೆ ಹೆಚ್ಚು ಸುರಕ್ಷಿತ.

ಕಂದು ಚುಕ್ಕಿ ಬಿದ್ದರೆ ಎಸೆಯಬೇಕೇ?

ಚಮಚದ ಮೇಲಿನ ತುಕ್ಕಿನ ಚುಕ್ಕಿಗೆ ಕಾರಣ ಹಲವು ಬಾರಿ ಚಮಚವೇ ಅಲ್ಲ. ಕಬ್ಬಿಣದ ನಾರಿನಿಂದ ಉಜ್ಜಿದಾಗ ಅದರ ಸಣ್ಣ ಕಣಗಳು ಸ್ಟೀಲಿನ ಮೇಲೆ ಉಳಿದು ಆ ಕಣಗಳೇ ತುಕ್ಕು ಹಿಡಿಯುತ್ತವೆ. ಕಬ್ಬಿಣದ ಬಾಣಲೆ, ಹೆಂಚಿನ ಜೊತೆ ಒದ್ದೆಯಾಗಿ ಸಿಂಕಿನಲ್ಲಿ ಬಿದ್ದಿದ್ದರೂ ಹೀಗೆಯೇ ಆಗುತ್ತದೆ. ಇನ್ನೊಂದು ದೊಡ್ಡ ಶತ್ರು ಉಪ್ಪು. ಉಪ್ಪಿನಲ್ಲಿರುವ ಕ್ಲೋರೈಡ್ ಆ ತೆಳು ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ರಾತ್ರಿಯ ಸಾರಿನ ಸೌಟನ್ನು ಬೆಳಗಿನವರೆಗೆ ಹಾಗೇ ಬಿಟ್ಟರೆ, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಹಾಕಿದರೆ ಒಳ್ಳೆಯ ಸ್ಟೀಲಿಗೂ ಕಲೆ ಬೀಳುತ್ತದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಕಾಣುವ ಬಿಳಿ ಮಚ್ಚೆ ತುಕ್ಕಲ್ಲ, ಅದು ಗಡಸು ನೀರಿನ ಸುಣ್ಣ. ನಿಂಬೆರಸ ಅಥವಾ ವಿನೆಗರ್ ಹಚ್ಚಿ ತೊಳೆದರೆ ಹೋಗುತ್ತದೆ.

ಕಂದು ಚುಕ್ಕಿಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು, ತೆಂಗಿನ ನಾರಿನಿಂದಲೋ ಮೆದು ಸ್ಪಂಜಿನಿಂದಲೋ ಉಜ್ಜಿ. ತೊಳೆದು ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಚುಕ್ಕಿ ಹೋಗಿ ಮೇಲ್ಮೈ ನುಣುಪಾಗಿ ಉಳಿದರೆ ಚಮಚಕ್ಕೆ ಏನೂ ಆಗಿಲ್ಲ. ಉಗುರಿನಿಂದ ಸವರಿದಾಗ ಗುಳಿ ತಾಗಿದರೆ, ಅದೇ ಜಾಗದಲ್ಲಿ ಮತ್ತೆ ಮತ್ತೆ ತುಕ್ಕು ಬಂದರೆ ಆ ಚಮಚದ ಆಯಸ್ಸು ಮುಗಿಯಿತು. ಗುಳಿಯಲ್ಲಿ ಆಹಾರದ ಚೂರು ಕೂತು ತೊಳೆಯಲು ಬರುವುದಿಲ್ಲ.

ತುಕ್ಕು ಹಿಡಿದ ಚಮಚ ಬಾಯಿಗೆ ತಾಗಿದರೆ ಧನುರ್ವಾಯು ಬರುತ್ತದೆಯೇ? ಧನುರ್ವಾಯುವಿಗೆ ಕಾರಣ ಮಣ್ಣು, ಸಗಣಿಯಲ್ಲಿರುವ ಒಂದು ಬ್ಯಾಕ್ಟೀರಿಯಾ. ಅದು ಗಾಯದ ಮೂಲಕ ದೇಹ ಸೇರಬೇಕು. ಹಾದಿಯಲ್ಲಿ ಬಿದ್ದ ತುಕ್ಕಿನ ಮೊಳೆ ಅಪಾಯಕಾರಿಯಾಗುವುದು ಅದಕ್ಕೆ ಮೆತ್ತಿದ ಮಣ್ಣಿನಿಂದ ಮತ್ತು ಅದು ಆಳವಾಗಿ ಚುಚ್ಚುವುದರಿಂದ. ಅಡುಗೆಮನೆಯಲ್ಲಿ ತೊಳೆದಿಟ್ಟ ಚಮಚದ ಕಂದು ಚುಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಚಮಚದ ವಿಷಯದಲ್ಲಿ ನಿಜವಾಗಿ ಗಮನಿಸಬೇಕಾದದ್ದು ಅಂಚು. ಅಗ್ಗದ ಚಮಚಗಳ ಅಂಚನ್ನು ಸರಿಯಾಗಿ ಉಜ್ಜಿರುವುದಿಲ್ಲ, ಮಕ್ಕಳ ತುಟಿ ಸೀಳುತ್ತದೆ. ಕೊಳ್ಳುವಾಗ ಬಟ್ಟಲಿನ ಸುತ್ತ ಬೆರಳಾಡಿಸಿ ನೋಡಿ, ಮುದ್ರೆ ನೋಡುವುದಕ್ಕಿಂತ ಮೊದಲು.

ಬೆಳ್ಳಿ, ಜರ್ಮನ್ ಸಿಲ್ವರ್, ಹಿತ್ತಾಳೆ

ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಇಲ್ಲ. ಒಂದು ಗುಲಗಂಜಿಯಷ್ಟೂ ಇಲ್ಲ. ಅದು ತಾಮ್ರ, ನಿಕಲ್, ಸತು ಸೇರಿದ ಮಿಶ್ರಲೋಹ. ಗೃಹಪ್ರವೇಶ, ನಾಮಕರಣಕ್ಕೆ ಉಡುಗೊರೆ ಕೊಡಲು ಚೆಂದ, ಆದರೆ ಅದರಲ್ಲಿ ಹುಳಿ ಪದಾರ್ಥ ಬಡಿಸುವುದು, ನಿಕಲ್ ಅಲರ್ಜಿ ಇರುವವರು ತಿನ್ನುವುದು ಬೇಡ. ಹಳೆಯ ಚಮಚಗಳ ಮೇಲೆ 'ಇಪಿಎನ್‌ಎಸ್' ಎಂಬ ಅಕ್ಷರಗಳಿದ್ದರೆ ಅದು ಇದೇ ಮಿಶ್ರಲೋಹಕ್ಕೆ ವಿದ್ಯುತ್ತಿನ ಮೂಲಕ ಬೆಳ್ಳಿಯ ತೆಳು ಲೇಪನ ಕೊಟ್ಟದ್ದು. ಲೇಪನ ಸವೆದು ಒಳಗಿನ ಹಳದಿ ಕಂಡರೆ ಅಲಂಕಾರಕ್ಕೆ ಇಟ್ಟುಬಿಡಿ. ಅಸಲಿ ಬೆಳ್ಳಿಗೆ ಬಿಐಎಸ್ ಹಾಲ್‌ಮಾರ್ಕ್ ಕೇಳಿ ಪಡೆಯಿರಿ. ಅದರ ಜೊತೆ 925 ಎಂದಿದ್ದರೆ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ.

ಮಗುವಿಗೆ ಬೆಳ್ಳಿ ಚಮಚದಲ್ಲಿ, ಬೆಳ್ಳಿ ಒಳಲೆಯಲ್ಲಿ ಕುಡಿಸಿದರೆ ರೋಗಾಣು ಸಾಯುತ್ತವೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಬೆಳ್ಳಿಯ ಅಯಾನುಗಳಿಗೆ ಬ್ಯಾಕ್ಟೀರಿಯಾ ಕೊಲ್ಲುವ ಗುಣ ಇರುವುದು ನಿಜ. ಸುಟ್ಟಗಾಯದ ಮುಲಾಮಿನಲ್ಲಿ ಬೆಳ್ಳಿಯ ಸಂಯುಕ್ತ ಬಳಸುತ್ತಾರೆ. ಆದರೆ ಹಾಲು ಒಳಲೆಯಲ್ಲಿ ಇರುವ ಎರಡು ನಿಮಿಷದಲ್ಲಿ ಅದು ಹಾಲನ್ನು ಶುದ್ಧ ಮಾಡಿಬಿಡುವುದಿಲ್ಲ. ಅದಕ್ಕಿಂತ ಒಳಲೆಯ ಮೂತಿಯ ಸಂದಿಯಲ್ಲಿ ಹಾಲಿನ ಪಸೆ ಉಳಿಯುವುದು ದೊಡ್ಡ ಚಿಂತೆ. ಬೆಳ್ಳಿಯಾದರೇನು, ಸ್ಟೀಲಾದರೇನು, ಪ್ರತಿ ಸಲ ಸೋಪಿನಿಂದ ತೊಳೆದು ಕುದಿಯುವ ನೀರಿನಲ್ಲಿ ಹಾಕಿ ತೆಗೆಯಬೇಕು. ಆರು ತಿಂಗಳವರೆಗೆ ತಾಯಿಯ ಎದೆಹಾಲಲ್ಲದೆ ಬೇರೇನೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಹಿತ್ತಾಳೆ, ತಾಮ್ರದ ಸೌಟು, ಚಮಚಗಳು ಈಗ ಮತ್ತೆ ಫ್ಯಾಷನ್ನಿಗೆ ಬಂದಿವೆ. ಹುಳಿ ತಾಗಿದರೆ ಇವುಗಳಿಂದ ತಾಮ್ರ ಕರಗಿ ಆಹಾರ ಸೇರುತ್ತದೆ, ಹೆಚ್ಚಾದರೆ ವಾಂತಿ, ಹೊಟ್ಟೆನೋವು. ಹಿಂದೆ ಕಲಾಯಿಯವರನ್ನು ಬೀದಿಗೆ ಕರೆದು ಒಳಗೆ ತವರದ ಲೇಪನ ಹಾಕಿಸುತ್ತಿದ್ದುದು ಇದಕ್ಕೇ. ಸರಿಯಾಗಿ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆ ಆಹಾರಕ್ಕೆ ತಕ್ಕದ್ದಲ್ಲವೆಂದು ನಮ್ಮ ಆಹಾರ ಸುರಕ್ಷತಾ ನಿಯಮಗಳೂ ಹೇಳಿವೆ. ಕಲಾಯಿ ಹಾಕಿಸುವಾಗ ಶುದ್ಧ ತವರವೇ ಎಂದು ಕೇಳಿ. ಸೀಸ ಬೆರೆತಿದ್ದರೆ ತಾಮ್ರಕ್ಕಿಂತ ದೊಡ್ಡ ಅಪಾಯವನ್ನು ಮನೆಗೆ ತಂದಂತೆ, ಅದರಲ್ಲೂ ಮಕ್ಕಳಿರುವ ಮನೆಗೆ. ರುಚಿಯ ದೃಷ್ಟಿಯಿಂದಲೂ ಈ ಲೋಹಗಳು ಹಿಂದೆ. ಒಂದೇ ಆಕಾರದ ಚಮಚಗಳಿಗೆ ಬೇರೆ ಬೇರೆ ಲೋಹದ ಲೇಪನ ಕೊಟ್ಟು ಲಂಡನ್ನಿನ ಸಂಶೋಧಕರು ಜನರ ಬಾಯಿಗೆ ಕೊಟ್ಟು ನೋಡಿದಾಗ, ತಾಮ್ರ ಮತ್ತು ಸತುವಿನ ಚಮಚಗಳೇ ಹೆಚ್ಚು ಕಹಿ, ಹೆಚ್ಚು ಲೋಹದ ರುಚಿ ಎನಿಸಿಕೊಂಡವು.

ಚಮಚ ಬದಲಾದರೆ ಅಳತೆಯೂ ಬದಲಾಗುತ್ತದೆ

ಲೋಹದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವ ನಾವು ಚಮಚದಿಂದ ಆಗಬಹುದಾದ ನಿಜವಾದ ಹಾನಿಯನ್ನು ಮರೆತುಬಿಡುತ್ತೇವೆ. "ಒಂದು ಚಮಚ ಔಷಧಿ ಕುಡಿಸಿ" ಎಂದಾಗ ಕೈಗೆ ಸಿಗುವುದು ಅಡುಗೆಮನೆಯ ಚಮಚವೇ. ವೈದ್ಯರ ಲೆಕ್ಕದಲ್ಲಿ ಒಂದು ಟೀ ಚಮಚ ಎಂದರೆ 5 ಮಿಲಿಲೀಟರ್, ಟೇಬಲ್ ಚಮಚ ಎಂದರೆ 15. ಚಮಚ ತಯಾರಿಸುವವರಿಗೆ ಈ ಲೆಕ್ಕದ ಹಂಗಿಲ್ಲ, ಅವರು ನೋಡುವುದು ಅಂದವನ್ನು. ಗ್ರೀಸ್‌ನಲ್ಲಿ ಮನೆಗಳ ಟೀ ಚಮಚಗಳನ್ನು ಅಳೆದು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅತಿ ಚಿಕ್ಕ ಚಮಚ 2.5 ಮಿಲಿಲೀಟರ್, ಅತಿ ದೊಡ್ಡದು 7.3 ಮಿಲಿಲೀಟರ್ ಹಿಡಿಯುತ್ತಿತ್ತು. ಎರಡಕ್ಕೂ ಹೆಸರು ಟೀ ಚಮಚವೇ.

ನಮ್ಮ ಮನೆಯಲ್ಲಿ ಸೂಜಿ ಇಲ್ಲದ ಸಿರಿಂಜಿನಿಂದ ನೀರು ಹಾಕಿ ಅಳೆದು ನೋಡಿದೆವು. ಅಮ್ಮನ ಹಳೆಯ ಚಮಚಕ್ಕೂ ಹೊಸ ಸೆಟ್ಟಿನದಕ್ಕೂ ಕಣ್ಣಿಗೆ ಅಷ್ಟೇನೂ ವ್ಯತ್ಯಾಸ ಕಾಣದಿದ್ದರೂ ಹಿಡಿಯುವ ನೀರು ಬೇರೆಯೇ ಇತ್ತು. ನೀವೂ ಅಳೆದು ನೋಡಿ, ಐದು ನಿಮಿಷದ ಕೆಲಸ.

ಇದು ಎಲ್ಲಿ ಅಪಾಯಕ್ಕೆ ತಿರುಗುತ್ತದೆ? ಮಕ್ಕಳ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. 5 ಮಿಲಿಲೀಟರಿಗೆ 120 ಅಥವಾ 125 ಮಿಲಿಗ್ರಾಂ ಇರುವ ಸಿರಪ್ ಸಿಗುತ್ತದೆ, 250 ಮಿಲಿಗ್ರಾಂ ಇರುವುದೂ ಸಿಗುತ್ತದೆ. ಹಸುಳೆಗಳ ಡ್ರಾಪ್ಸ್ ಬಾಟಲಿಯಲ್ಲಿ ಪ್ರತಿ 1 ಮಿಲಿಲೀಟರಿಗೇ 100 ಮಿಲಿಗ್ರಾಂ ಇರುತ್ತದೆ. ಹನಿ ಲೆಕ್ಕದಲ್ಲಿ ಕೊಡಬೇಕಾದ ಈ ಡ್ರಾಪ್ಸನ್ನು ಸಿರಪ್ ಎಂದುಕೊಂಡು ಒಂದು ಚಮಚ ಕುಡಿಸಿದರೆ ಒಂದೇ ಸಲಕ್ಕೆ 500 ಮಿಲಿಗ್ರಾಂ! ದೊಡ್ಡವರು ನುಂಗುವ ಒಂದು ಮಾತ್ರೆಯಷ್ಟು. ಪ್ಯಾರಾಸಿಟಮಾಲ್ ಮಿತಿ ಮೀರಿದರೆ ಪೆಟ್ಟು ಬೀಳುವುದು ಯಕೃತ್ತಿಗೆ. ಇನ್ನೊಂದು ಕಡೆ, ಚಿಕ್ಕ ಚಮಚದಲ್ಲಿ ಆಂಟಿಬಯಾಟಿಕ್ ಕೊಟ್ಟರೆ ಅರ್ಧ ಡೋಸು ಹೋಗಿ ಸೋಂಕು ಉಳಿದುಬಿಡಬಹುದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲೇ ಔಷಧಿಯನ್ನು ಚಮಚದ ಲೆಕ್ಕದಲ್ಲಿ ಬರೆಯುವುದು ಬಿಟ್ಟು ಮಿಲಿಲೀಟರ್ ಲೆಕ್ಕದಲ್ಲಷ್ಟೇ ಬರೆಯಿರಿ ಎಂದು ಹೇಳಿತು. ಬಾಟಲಿಯ ಜೊತೆ ಬರುವ ಮುಚ್ಚಳ, ಡ್ರಾಪರ್ ಅಥವಾ ಸಿರಿಂಜನ್ನೇ ಬಳಸಿ. ಕಳೆದುಹೋಗಿದ್ದರೆ ಮೆಡಿಕಲ್ ಶಾಪಿನಲ್ಲಿ ಕೇಳಿ. ಒಂದು ಬಾಟಲಿಯ ಡ್ರಾಪರನ್ನು ಇನ್ನೊಂದಕ್ಕೆ ಹಾಕಬೇಡಿ.

ಭೇದಿಯಾದಾಗ ಮನೆಯಲ್ಲಿ ಕಲಸುವ ಸಕ್ಕರೆ-ಉಪ್ಪಿನ ನೀರಿಗೂ ಇದೇ ಮಾತು. ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಎಂಬುದು ಪ್ರಚಲಿತ ಅಳತೆ. ಇಲ್ಲಿ ಚಮಚ ಎಂದರೆ 5 ಮಿಲಿಲೀಟರಿನದು. ದೊಡ್ಡ ಚಮಚದಲ್ಲಿ ಗೋಪುರದಂತೆ ಉಪ್ಪು ತುಂಬಿದರೆ ಪುಟ್ಟ ಮಗುವಿನ ರಕ್ತದಲ್ಲಿ ಉಪ್ಪಿನಂಶ ಏರಿ ಪರಿಸ್ಥಿತಿ ಬಿಗಡಾಯಿಸುತ್ತದೆ. ಓಆರ್‌ಎಸ್ ಪೊಟ್ಟಣ ಸಿಗುವ ಕಡೆ ಅದನ್ನೇ ತನ್ನಿ, ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಕಲಸಿ.

ಹೊಸದು ತರುವಾಗ

ಇಡೀ ಸೆಟ್ ಬದಲಿಸಬೇಕಾದ ಸಂದರ್ಭ ಕಡಿಮೆ. ಸಾಮಾನ್ಯವಾಗಿ ಡಜನ್ನಿನಲ್ಲಿ ಎರಡು ಮೂರು ಕಾಣೆಯಾಗಿರುತ್ತವೆ. ಟಿಫಿನ್ ಡಬ್ಬಿಯ ಜೊತೆ ಶಾಲೆಗೆ ಹೋದ ಚಮಚ ಮನೆಗೆ ಬರುವುದು ಅಪರೂಪ, ಇನ್ನು ಕೆಲವು ತರಕಾರಿ ಸಿಪ್ಪೆಯ ಜೊತೆ ಕಸದ ಬುಟ್ಟಿ ಸೇರುತ್ತವೆ. ಒಂದು ಹಳೆಯ ಚಮಚವನ್ನು ಜೇಬಿನಲ್ಲಿಟ್ಟುಕೊಂಡು ಪಾತ್ರೆ ಅಂಗಡಿಗೆ ಹೋಗಿ. ಪೇಟೆಯ ಹಳೆಯ ಅಂಗಡಿಗಳಲ್ಲಿ ಬಿಡಿ ಚಮಚಗಳ ರಾಶಿ ಇರುತ್ತದೆ, ಹುಡುಕಿದರೆ ಹತ್ತಿರದ ಜೋಡಿ ಸಿಗುತ್ತದೆ. ಉದ್ದ, ಹಿಡಿಯ ಅಗಲ, ಬಟ್ಟಲಿನ ಆಳ ಮೂರೂ ಹೊಂದಿದರೆ ಹೂವಿನ ವಿನ್ಯಾಸ ಸ್ವಲ್ಪ ಆಚೀಚೆಯಾದರೂ ಊಟದ ಹೊತ್ತಿಗೆ ಯಾರೂ ಗಮನಿಸುವುದಿಲ್ಲ. ಹೊಳಪಿನ ಬಗೆ ಮಾತ್ರ ಹೊಂದಲಿ. ಕನ್ನಡಿಯಂಥ ಹೊಳಪಿನ ಪಕ್ಕ ಮಂಕು ಹೊಳಪಿನದು ಎದ್ದು ಕಾಣುತ್ತದೆ.

ಕೈಯಲ್ಲಿ ಹಿಡಿದು ಕತ್ತಿನ ಬಳಿ ಹೆಬ್ಬೆರಳಿನಿಂದ ಒತ್ತಿ ನೋಡಿ. ಬಾಗುವುದಾದರೆ ಗಟ್ಟಿ ಐಸ್‌ಕ್ರೀಮು, ಬೆಲ್ಲದ ಅಚ್ಚಿನ ಮುಂದೆ ಅದು ನಿಲ್ಲುವುದಿಲ್ಲ. ಬೆರಳ ಮೇಲೆ ಅಡ್ಡಲಾಗಿ ಇಟ್ಟಾಗ ಕತ್ತಿನ ಹತ್ತಿರ ಸಮತೋಲನ ಸಿಕ್ಕರೆ ಹಿಡಿಯಲು ಹಿತ. 18/8ಕ್ಕೂ 18/10ಕ್ಕೂ ಬೆಲೆಯಲ್ಲಿ ಇರುವಷ್ಟು ಅಂತರ ಬಳಕೆಯಲ್ಲಿ ಕಾಣುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಆ ದುಡ್ಡಿಗೆ ದಪ್ಪ ಹಾಳೆಯ ಚಮಚ ಕೊಳ್ಳುವುದು ಮೇಲು. ಪ್ಲಾಸ್ಟಿಕ್ ಅಥವಾ ಮರದ ಹಿಡಿ ಅಂಟಿಸಿದ್ದು ಬೇಡ. ಸಂದಿಯಲ್ಲಿ ನೀರು ನಿಂತು ಮೊದಲು ಹಾಳಾಗುವುದು ಅದೇ. ಚಿನ್ನದ ಬಣ್ಣದ, ಕಪ್ಪು ಬಣ್ಣದ ಚಮಚಗಳು ನೋಡಲು ಆಕರ್ಷಕ, ಆದರೆ ಸ್ಟೀಲ್ ಸ್ಕ್ರಬ್ಬರಿಗೆ ಅವು ಹೇಳಿ ಮಾಡಿಸಿದ ಬಲಿ. ಮನೆಯಲ್ಲಿ ಕೈ ನಡುಗುವ, ಬೆರಳು ಗಂಟು ನೋವಿರುವ ಹಿರಿಯರಿದ್ದರೆ ದಪ್ಪ ಹಿಡಿಯ, ಆಳವಾದ ಬಟ್ಟಲಿನ ಎರಡು ಚಮಚ ಬೇರೆಯಾಗಿ ತನ್ನಿ. ತೆಳ್ಳನೆಯ ಹಿಡಿಯನ್ನು ಅವರು ಇಡೀ ಮುಷ್ಟಿಯಲ್ಲಿ ಹಿಡಿಯಬೇಕಾಗುತ್ತದೆ, ಅರ್ಧ ಸಾರು ದಾರಿಯಲ್ಲೇ ಚೆಲ್ಲುತ್ತದೆ.

ತೆಗೆದುಹಾಕುವ ಹಳೆಯ ಸ್ಟೀಲನ್ನು ಕಸಕ್ಕೆ ಹಾಕಬೇಡಿ. ಪಾತ್ರೆ ಅಂಗಡಿಯವರು ತೂಕಕ್ಕೆ ತೆಗೆದುಕೊಂಡು ಹೊಸದರ ಬೆಲೆಯಲ್ಲಿ ಕಳೆಯುತ್ತಾರೆ, ಗುಜರಿಯವರೂ ಕೊಳ್ಳುತ್ತಾರೆ, ಅದು ಮತ್ತೆ ಕರಗಿ ಉಕ್ಕಾಗುತ್ತದೆ. ನಮ್ಮ ಮನೆಯಿಂದ ಕೊನೆಗೆ ಆ ಕವರಿನಲ್ಲಿ ಹೋದದ್ದು ಗುಳಿ ಬಿದ್ದ ನಾಲ್ಕು ಸಂತೆ ಚಮಚಗಳು. ಹೆಸರು ಕೆತ್ತಿದವು ಮತ್ತೆ ಡ್ರಾಯರ್ ಸೇರಿವೆ, ಫ್ರಿಜ್ ಬಾಗಿಲಿನ ಮೇಲೆ ಅಯಸ್ಕಾಂತ ಈಗ ಹಾಲಿನ ಲೆಕ್ಕದ ಚೀಟಿ ಹಿಡಿದುಕೊಂಡಿದೆ.